ಖಾಲಿಯಾದ ಕುರ್ಚಿಗಳು



ಬಾಖ್, ಬೀಥೋವನ್ ಹುಟ್ಟಿದ ಜರ್ಮನಿಯಲ್ಲಿ ಸಂಗೀತಗಾರರ ಮೇಲಿನ ಹಿಂಸೆ ಕಾನೂನಿನ ವೇಷದಲ್ಲಿ ಬಂದಿತು. ಹಿಟ್ಲರ್ ಅಧಿಕಾರಕ್ಕೇರಿದ ಮೂರನೆಯ ತಿಂಗಳಲ್ಲಿಯೇ, 1933ರ ಏಪ್ರಿಲ್ 7ರಂದು ಹೊರಟ ಶಾಸನವು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯಲು ದಾರಿ ಮಾಡಿತು. ಸರ್ಕಾರದ ವಾದ್ಯವೃಂದಗಳಲ್ಲಿ, ಸಂಗೀತ ವಿದ್ಯಾಲಯಗಳಲ್ಲಿ ಕುರ್ಚಿಗಳು ಖಾಲಿಯಾದವು. ನವೆಂಬರಿನಲ್ಲಿ ಸಂಗೀತ ಮಂಡಳಿಯೊಂದು ಸ್ಥಾಪಿತವಾಯಿತು. ಅದರ ಸದಸ್ಯತ್ವವಿಲ್ಲದವರು ವೃತ್ತಿ ನಡೆಸುವಂತಿರಲಿಲ್ಲ. ಕಲಾವಿದನ ಯೋಗ್ಯತೆಯನ್ನು ಅವನ ಅಜ್ಜ ಅಜ್ಜಿಯರ ಮತದಿಂದ ಅಳೆಯಲಾಯಿತು.

ಬರ್ಲಿನ್ನಿನಲ್ಲಿ ಬೋಧಿಸುತ್ತಿದ್ದ ಆರ್ನಾಲ್ಡ್ ಷೋನ್‌ಬರ್ಗ್ ಆ ವರ್ಷವೇ ಅಮೆರಿಕ ಸೇರಿದರು. ಗತಿಸಿದವರನ್ನೂ ದ್ವೇಷ ಬಿಡಲಿಲ್ಲ. 1847ರಲ್ಲಿ ತೀರಿಕೊಂಡಿದ್ದ ಮೆಂಡೆಲ್ಸನ್ನರ ಪ್ರತಿಮೆಯನ್ನು 1936ರಲ್ಲಿ ಲೈಪ್‌ಜಿಗ್ ನಗರದಲ್ಲಿ ಕೆಡವಲಾಯಿತು. ಇದನ್ನು ಪ್ರತಿಭಟಿಸಿ ಮೇಯರ್ ಕಾರ್ಲ್ ಗೋರ್ಡೆಲರ್ ಪದವಿಯನ್ನೇ ತ್ಯಜಿಸಿದರು. ಅಂಥವರು ವಿರಳ; ತೆರವಾದ ಸ್ಥಾನಗಳಲ್ಲಿ ಸದ್ದಿಲ್ಲದೆ ಕುಳಿತವರೇ ಬಹಳ.

ಯುದ್ಧಕಾಲದಲ್ಲಿ ಚೆಕ್ ನೆಲದ ತೆರೆಜಿನ್ ಯಹೂದಿಗಳ ಸೆರೆಯಾಯಿತು. ಹಾನ್ಸ್ ಕ್ರಾಸಾ ಅವರ ಮಕ್ಕಳ ಗೀತನಾಟಕ ‘ಬ್ರುಂಡಿಬಾರ್’ ಅಲ್ಲಿ ಐವತ್ತಕ್ಕೂ ಹೆಚ್ಚು ಬಾರಿ ಪ್ರದರ್ಶನಗೊಂಡಿತು. 1944ರ ಜೂನ್ 23ರಂದು ರೆಡ್ ಕ್ರಾಸ್ ನಿಯೋಗ ಬಂದಾಗ, ಬಂದಿಗಳು ಸುಖದಿಂದಿರುವರೆಂದು ನಂಬಿಸಲು ಅದನ್ನೇ ಬಳಸಿಕೊಳ್ಳಲಾಯಿತು. ಅಕ್ಟೋಬರಿನಲ್ಲಿ ಕ್ರಾಸಾ, ವಿಕ್ಟರ್ ಉಲ್ಮನ್, ಪಾವೆಲ್ ಹಾಸ್ ಮೂವರನ್ನೂ ರೈಲಿನಲ್ಲಿ ಆಶ್ವಿಟ್ಸ್‌ಗೆ ಸಾಗಿಸಿ ಕೊಲ್ಲಲಾಯಿತು. ಉಲ್ಮನ್ ಸೆರೆಯಲ್ಲಿ ರಚಿಸಿದ ‘ಅಟ್ಲಾಂಟಿಸ್‌ನ ಚಕ್ರವರ್ತಿ’ ಮೊದಲ ಬಾರಿಗೆ ರಂಗವೇರಿದ್ದು 1975ರಲ್ಲಿ.

ಪಾರಾದವರಲ್ಲಿ ಒಬ್ಬರು 1934ರಲ್ಲಿ ಮುಂಬಯಿಗೆ ಬಂದರು. ಅವರು ಬರ್ಲಿನ್, ಪ್ರಾಗ್‌ಗಳಲ್ಲಿ ಕಲಿತ ವಾಲ್ಟರ್ ಕೌಫ್‌ಮನ್. ಭಾರತೀಯ ಸಂಗೀತ ಮೊದಲಿಗೆ ಅವರ ಕಿವಿಗೆ ಹತ್ತಲಿಲ್ಲ. ಆದರೂ ಅದನ್ನು ತಿರಸ್ಕರಿಸದೆ ವಿದ್ಯಾರ್ಥಿಯಂತೆ ಅಭ್ಯಾಸ ಮಾಡಿದರು. ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನಡೆಸಿದರು. ಬೆಳಗಿನ ಪ್ರಸಾರಕ್ಕೆ ಮುನ್ನ ಮನೆಮನೆಯಲ್ಲಿ ಮೊಳಗುತ್ತಿದ್ದ ಆ ಸಂಕೇತ ಸಂಗೀತ ಅವರ ರಚನೆಯೆಂದೇ ಪ್ರಸಿದ್ಧವಾಗಿದೆ. 1946ರಲ್ಲಿ ಭಾರತ ಬಿಟ್ಟ ಮೇಲೂ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ರಾಗಗಳ ಮೇಲೆ ಗ್ರಂಥಗಳನ್ನು ಬರೆದರು. ಜರ್ಮನಿಯಲ್ಲಿ ಕುಲ ಕೇಳಿ ಕಸಿದುಕೊಂಡ ಬದುಕು, ಕುಲ ಕೇಳದೆ ನೆಲೆ ಕೊಟ್ಟ ಊರಿನಲ್ಲಿ ಹೀಗೆ ಫಲಿಸಿತು.

ತೆರೆಜಿನ್‌ನಿಂದ ರೈಲು ಹೊರಟಾಗ ತಡೆಯಬಲ್ಲವರು ಯಾರೂ ಉಳಿದಿರಲಿಲ್ಲ. ಪ್ರಶ್ನಿಸಲು ಕಾಲವಿದ್ದದ್ದು ಹನ್ನೊಂದು ವರ್ಷಗಳ ಹಿಂದೆ, ಪಕ್ಕದ ಕುರ್ಚಿ ಖಾಲಿಯಾದ ದಿನ. ನ್ಯಾಯವನ್ನು ಬಯಸುವ ಯಾವ ಸಮಾಜವೂ ಆ ದಿನವನ್ನು ಗುರುತಿಸಲು ಕಲಿಯಬೇಕು.