ಕಣ್ಣಿಗೆ ಎಷ್ಟು ಫ್ರೇಮು, ಕೈಗೆ ಎಷ್ಟು?



ಈ ಸಂಕಿರಣದ ಪ್ರಶ್ನೆ ಕೇಳಲು ಸರಳ. ಸೆಕೆಂಡಿಗೆ 30 ಫ್ರೇಮು ಓಡುವ ಆಟಕ್ಕೂ 60 ಓಡುವ ಆಟಕ್ಕೂ, 60ಕ್ಕೂ 144ಕ್ಕೂ ಇರುವ ವ್ಯತ್ಯಾಸ ಆಡುವವರಿಗೆ ಗೊತ್ತಾಗುತ್ತದೆಯೇ? ಹಾಸ್ಟೆಲ್ಲುಗಳಲ್ಲಿ ಇದಕ್ಕೆ ಎರಡು ಪಕ್ಷಗಳಿವೆ. ಮನುಷ್ಯನ ಕಣ್ಣಿಗೆ ಇಪ್ಪತ್ನಾಲ್ಕೋ ಮೂವತ್ತೋ ಚಿತ್ರಕ್ಕಿಂತ ಹೆಚ್ಚು ದಕ್ಕುವುದೇ ಇಲ್ಲ, ಉಳಿದದ್ದೆಲ್ಲ ಗ್ರಾಫಿಕ್ಸ್ ಕಾರ್ಡ್ ಮಾರುವವರ ಮಾತು ಅನ್ನುವವರು ಒಂದು ಕಡೆ. 144 ಹರ್ಟ್ಸ್ ಮಾನಿಟರ್ ಕಂಡ ಮೇಲೆ 60ಕ್ಕೆ ಮರಳಲಾರೆ ಅನ್ನುವವರು ಇನ್ನೊಂದು ಕಡೆ. ನನ್ನ ಒಲವು ಎರಡನೆಯವರ ಕಡೆಗಿದೆ, ಆದರೆ ಅವರು ಕೊಡುವ ಕಾರಣಕ್ಕಲ್ಲ. ಎರಡೂ ಕಡೆಯವರು ಜಗಳವಾಡುತ್ತಿರುವುದು ಕಣ್ಣಿನ ಬಗ್ಗೆ. ಆಡುವವರಿಗೆ ಕೈಯೂ ಇದೆ ಎಂಬುದನ್ನು ಇಬ್ಬರೂ ಮರೆತಂತಿದೆ.

ಮೊದಲು ಆ 24ರ ಲೆಕ್ಕ ಮುಗಿಸಿಬಿಡೋಣ. ಅದು ಕಣ್ಣನ್ನು ಅಳೆದು ತೆಗೆದ ಸಂಖ್ಯೆಯಲ್ಲ. 1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಮಾತು ಬಂದಾಗ, ಧ್ವನಿ ಅಂಕುಡೊಂಕಾಗದಿರಲು ರೀಲು ಒಂದೇ ವೇಗದಲ್ಲಿ ಓಡಬೇಕಾಯಿತು. ಧ್ವನಿಗೂ ಸಾಕಾಗುವ, ಫಿಲ್ಮಿನ ಖರ್ಚೂ ಮಿತಿ ಮೀರದ ಒಂದು ರಾಜಿ 24. ಇಷ್ಟಾದರೂ ಪ್ರೊಜೆಕ್ಟರ್ ಮಾಡುವವರು ಅದನ್ನು ನಂಬಲಿಲ್ಲ. ಒಂದೊಂದು ಚಿತ್ರವನ್ನೂ ಶಟರಿನಿಂದ ಎರಡು ಮೂರು ಸಲ ತೋರಿಸಿ, ಪರದೆಯ ಮೇಲೆ ಬೆಳಕು ಸೆಕೆಂಡಿಗೆ 48 ಅಥವಾ 72 ಬಾರಿ ಮಿಟುಕುವಂತೆ ಮಾಡಿದರು. ಜೊತೆಗೆ ಕ್ಯಾಮೆರಾದ ಶಟರು ತೆರೆದಿರುವಷ್ಟು ಹೊತ್ತು ಚಲಿಸಿದ್ದೆಲ್ಲ ಆ ಒಂದೇ ಚಿತ್ರದಲ್ಲಿ ಮಸುಕಾಗಿ ದಾಖಲಾಗುತ್ತದೆ. ಆ ಮಸುಕೇ ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುವುದು. ಆಟದ ಫ್ರೇಮು ಹಾಗಲ್ಲ, ಅದು ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿದ ಲೆಕ್ಕ. ಬೇಕೆಂದರೆ ಮಸುಕನ್ನು ಮೇಲೆ ಬಳಿಯಬೇಕು. 2014ರಲ್ಲಿ ಯೂಬಿಸಾಫ್ಟ್ ಕಂಪನಿಯವರು ‘ಅಸ್ಸಾಸಿನ್ಸ್ ಕ್ರೀಡ್ ಯೂನಿಟಿ’ 30 ಫ್ರೇಮಿನಲ್ಲಿ ಓಡುವುದನ್ನು ಸಿನಿಮಾದ ಅನುಭವವೆಂದು ಸಮರ್ಥಿಸಿಕೊಂಡಾಗ ಆಟಗಾರರು ನಕ್ಕರು. ನಕ್ಕದ್ದು ಸರಿ ಎಂದೇ ನನ್ನ ಎಣಿಕೆ. ಯಂತ್ರದ ಶಕ್ತಿ ಸಾಲಲಿಲ್ಲ ಎಂದು ಹೇಳಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲವೇನೋ.

ಇನ್ನು ಕಣ್ಣು. ಮಿಟುಕುವ ಬೆಳಕನ್ನು ವೇಗ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ನಿಂತ ಬೆಳಕಿನಂತೆ ಕಾಣುತ್ತದೆ. ಈ ಮಿತಿ ಬೆಳಕು ಪ್ರಖರವಾದಷ್ಟೂ ಮೇಲೇರುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಕೆಂಡಿಗೆ ಸುಮಾರು 35 ಬಾರಿ ಮಿಟುಕಿದರೇ ಬೆಳಕು ಸ್ಥಿರವೆಂದವರಿದ್ದರು, 60 ದಾಟಿದರೂ ಮಿಟುಕನ್ನು ಹಿಡಿದವರಿದ್ದರು. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳೆಯರ ವಾದ ಯಾಕೆ ಮುಗಿಯುವುದಿಲ್ಲ ಎಂಬುದಕ್ಕೆ ಇದೇ ಅರ್ಧ ಉತ್ತರ.

ಆದರೆ ಮಿಟುಕುವುದು ಬೇರೆ, ಚಲನೆ ಬೇರೆ. ಕಣ್ಣು ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಜಿಗಿಯುತ್ತಲೇ ಇರುತ್ತದೆ. ಚೂಪಾದ ಅಂಚುಗಳಿರುವ ಚಿತ್ರದ ಮೇಲೆ ಕಣ್ಣು ಹಾಯಿಸುವಾಗ 500 ಹರ್ಟ್ಸ್‌ನಲ್ಲೂ ಮಿಟುಕಿನ ಕುರುಹು ಕಾಣುತ್ತದೆಂದು 2015ರ ಒಂದು ಪ್ರಯೋಗ ತೋರಿಸಿತು. ಇಂದಿನ ಎಲ್‌ಸಿಡಿ ಪರದೆಯಲ್ಲಿ ಇನ್ನೊಂದು ಫಜೀತಿ ಇದೆ. ಹಳೆಯ ಪಿಕ್ಚರ್ ಟ್ಯೂಬು ಚಿತ್ರವನ್ನು ಒಂದು ಕ್ಷಣ ಮಿಂಚಿಸಿ ಆರಿಸುತ್ತಿತ್ತು. ಎಲ್‌ಸಿಡಿ ಮುಂದಿನ ಫ್ರೇಮು ಬರುವ ತನಕ ಹಿಡಿದೇ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ಶತ್ರುವನ್ನು ನಿಮ್ಮ ಕಣ್ಣು ಹಿಂಬಾಲಿಸುತ್ತಿದೆ ಅನ್ನಿ. 60 ಹರ್ಟ್ಸ್‌ನಲ್ಲಿ ಅವನು ನಿಂತಲ್ಲೇ ನಿಂತಿರುವ 16.7 ಮಿಲಿಸೆಕೆಂಡಿನಲ್ಲಿ ಕಣ್ಣು 16 ಪಿಕ್ಸೆಲ್ ಮುಂದೆ ಸರಿದಿರುತ್ತದೆ. ಅಷ್ಟೂ ದೂರ ಅವನ ಅಂಚು ಕಲಸಿಹೋಗುತ್ತದೆ. 120ರಲ್ಲಿ ಅದು 8, 240ರಲ್ಲಿ 4. ಫ್ರೇಮು ಹೆಚ್ಚಿಸಿದಾಗ ಆಟಗಾರರು ‘ಸ್ಮೂತ್ ಆಯ್ತು’ ಅನ್ನುತ್ತಾರೆ, ಆದರೆ ಎಷ್ಟೋ ಸಲ ಅವರಿಗೆ ಸಿಕ್ಕಿರುವುದು ಸ್ಪಷ್ಟತೆ.

ಈಗ ಕೈಗೆ ಬರುತ್ತೇನೆ. ಗುಂಡಿ ಒತ್ತಿದ್ದು ಪರದೆಯ ಮೇಲೆ ಕಾಣುವ ಮುನ್ನ ಅದನ್ನು ಆಟ ಓದಬೇಕು, ಲೆಕ್ಕ ಹಾಕಬೇಕು, ಬಿಡಿಸಬೇಕು, ಪರದೆ ತೋರಿಸಬೇಕು. ಈ ಸರಪಳಿ ಹಲವು ಫ್ರೇಮುಗಳಷ್ಟು ಉದ್ದ. 30ರ ಆಟದಲ್ಲಿ ಒಂದು ಕೊಂಡಿಗೆ 33.3 ಮಿಲಿಸೆಕೆಂಡು, 60ರಲ್ಲಿ ಅದರ ಅರ್ಧ. ಹಾಗಾಗಿ ಫ್ರೇಮು ಇಮ್ಮಡಿಯಾದಾಗ ಕಣ್ಣಿಗೆ ಆಗುವ ಲಾಭದ ಜೊತೆಗೆ ಕೈಗೆ ಆಗುವ ಲಾಭವೂ ಸೇರಿಕೊಂಡಿರುತ್ತದೆ, ಎರಡನ್ನೂ ಬಿಡಿಸಿ ನೋಡುವುದೇ ಕಷ್ಟ. ಅಮೆರಿಕದ ವೋರ್ಸ್ಟರ್ ಪಾಲಿಟೆಕ್ನಿಕ್‌ನ ಮಾರ್ಕ್ ಕ್ಲೇಪೂಲ್ ಮತ್ತು ಸಂಗಡಿಗರು 2006ರಲ್ಲೇ, ಶೂಟಿಂಗ್ ಆಟದಲ್ಲಿ ಆಟಗಾರರ ಸಾಧನೆ ರೆಸಲ್ಯೂಶನ್ನಿಗಿಂತ ಫ್ರೇಮ್ ರೇಟಿನ ಮೇಲೆ ಹೆಚ್ಚು ನಿಂತಿದೆ ಎಂದು ತೋರಿಸಿದ್ದರು. 2019ರಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್ವಿಡಿಯಾದ ಸಂಶೋಧಕರು ಎರಡನ್ನೂ ಬಿಡಿಸಿದರು: ಗುರಿ ಹಿಡಿದು ಹೊಡೆಯುವ ಕೆಲಸದಲ್ಲಿ 60 ಹರ್ಟ್ಸ್ ದಾಟಿದ ಮೇಲೆ ಪರದೆಯ ವೇಗ ಹೆಚ್ಚಿಸುವುದಕ್ಕಿಂತ ವಿಳಂಬವನ್ನು ತಗ್ಗಿಸುವುದೇ ಹೆಚ್ಚು ಫಲ ಕೊಟ್ಟಿತು. ಹೆಚ್ಚು ಫ್ರೇಮು ಮಾರಿ ಬದುಕುವ ಕಂಪನಿಯೊಳಗಿಂದ ಬಂದ ಮಾತಿದು, ಅದಕ್ಕೇ ನನಗೆ ಇನ್ನಷ್ಟು ರುಚಿಸಿತು.

ಕಣ್ಣು ಹಿಡಿಯದ್ದನ್ನು ಕೈ ಹಿಡಿದ ಒಂದು ಪ್ರಸಂಗ ‘ಕ್ವೇಕ್ 3 ಅರೀನಾ’ದ್ದು. 1999ರ ಈ ಆಟದಲ್ಲಿ ಚಲನೆಯ ಲೆಕ್ಕ ಫ್ರೇಮಿಗೆ ಅಂಟಿಕೊಂಡಿತ್ತು, ದಶಾಂಶಗಳನ್ನು ಪೂರ್ಣಾಂಕ ಮಾಡುವಲ್ಲಿ ಸಣ್ಣ ತಪ್ಪು ಉಳಿಯುತ್ತಿತ್ತು. ಪರಿಣಾಮ, 125 ಫ್ರೇಮಿನಲ್ಲಿ ಜಿಗಿತ ತುಸು ಎತ್ತರ! 120ಕ್ಕೂ 125ಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳುವವರು ಯಾರೂ ಇರಲಾರರು. ಆದರೂ ಪಳಗಿದ ಆಟಗಾರರೆಲ್ಲ ತಮ್ಮ ಆಟವನ್ನು 125ಕ್ಕೇ ಕಟ್ಟಿಹಾಕಿದರು, ಯಾಕೆಂದರೆ ಬೇರೆ ವೇಗದಲ್ಲಿ ಎಟುಕದ ಕಟ್ಟೆ ಆ ವೇಗದಲ್ಲಿ ಎಟುಕುತ್ತಿತ್ತು. ‘ಡಾರ್ಕ್ ಸೋಲ್ಸ್ 2’ ಆಟದಲ್ಲಿ ಹೀಗೆ ಫ್ರೇಮಿಗೆ ಅಂಟಿದ ಲೆಕ್ಕ ಉಲ್ಟಾ ಹೊಡೆಯಿತು. ಕಂಪ್ಯೂಟರಿನಲ್ಲಿ 60 ಫ್ರೇಮಿಗೆ ಆಡಿದವರ ಕತ್ತಿಗಳು 30ಕ್ಕೆ ಆಡಿದವರದ್ದಕ್ಕಿಂತ ಎರಡು ಪಟ್ಟು ಬೇಗ ಸವೆಯುತ್ತಿದ್ದವು.

ವ್ಯತ್ಯಾಸ ಗೊತ್ತಾಗದೇ ಹೋದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಜಪಾನ್, ಅಮೆರಿಕಗಳ ಟಿವಿ 60 ಹರ್ಟ್ಸ್. ಯುರೋಪಿನ ಬಹುಭಾಗ ಮತ್ತು ನಮ್ಮ ದೇಶದ ಪಾಲ್ ಮಾದರಿಯ ಟಿವಿ 50. ಆ ಕಾಲದ ಬಹುತೇಕ ಆಟಗಳಲ್ಲಿ ಪರದೆ ಒಮ್ಮೆ ಚಿತ್ರ ಬದಲಿಸಿದರೆ ಆಟವೂ ಒಂದು ಹೆಜ್ಜೆ ಮುಂದೆ. ಹೀಗಾಗಿ 1991ರ ‘ಸಾನಿಕ್’ ಪಾಲ್ ಟಿವಿಗಳಲ್ಲಿ ಸುಮಾರು ಶೇಕಡಾ 17ರಷ್ಟು ನಿಧಾನವಾಗಿ ಓಡಿತು, ಸಂಗೀತವೂ ಎಳೆದಂತಾಯಿತು. ವೇಗವೇ ಬಂಡವಾಳವಾಗಿದ್ದ ಆಟ ಅದು! ಆದರೂ ಬ್ರಿಟನ್ನಿನಲ್ಲಿ ಒಂದು ತಲೆಮಾರಿನ ಮಕ್ಕಳು ಅದನ್ನು ಆಡಿ ಬೆಳೆದರು, ಹೆಚ್ಚಿನವರಿಗೆ ಏನೂ ಕೊರತೆ ಅನಿಸಲಿಲ್ಲ. ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಇರಲಿಲ್ಲ, ಅಷ್ಟೇ. ಆದ್ದರಿಂದ ‘ಗೊತ್ತಾಗುತ್ತದೆಯೇ’ ಎಂದು ಕೇಳುವವರು ‘ಯಾವುದರ ಪಕ್ಕ ಇಟ್ಟಾಗ’ ಎಂದೂ ಹೇಳಬೇಕು.

ಹಾಗಿದ್ದರೆ ಹೋಲಿಕೆಯಿಲ್ಲದೆಯೂ ಗೊತ್ತಾಗುವುದು ಯಾವುದು? ಏರುಪೇರು. ವಿಳಂಬ ಕಾಲದ ಕೀರ್ತನೆಯನ್ನು ಕೇಳುಗರು ನೆಮ್ಮದಿಯಾಗಿ ಕೇಳುತ್ತಾರೆ, ತಾಳ ತಪ್ಪಿದರೆ ಮಾತ್ರ ಸಭೆಯ ಕೊನೆಯಲ್ಲಿ ಕೂತವರೂ ತಲೆ ಎತ್ತುತ್ತಾರೆ. ಸರಾಸರಿ 60 ಎಂದು ತೋರಿಸುವ ಆಟದಲ್ಲೂ ನಡುವೆ ಒಂದು ಫ್ರೇಮು 50 ಮಿಲಿಸೆಕೆಂಡು ತಿಂದರೆ ಅದು ಚುಚ್ಚುತ್ತದೆ. ಹಾರ್ಡ್‌ವೇರ್ ವಿಮರ್ಶಕ ಸ್ಕಾಟ್ ವಾಸನ್ 2011ರಲ್ಲಿ ಗ್ರಾಫಿಕ್ಸ್ ಕಾರ್ಡುಗಳನ್ನು ಸರಾಸರಿಯಿಂದ ಅಳೆಯುವುದನ್ನು ಬಿಟ್ಟು, ಸೆಕೆಂಡಿನ ಒಳಹೊಕ್ಕು ಒಂದೊಂದು ಫ್ರೇಮಿನ ಅವಧಿಯನ್ನೂ ಎಣಿಸಿ ಬರೆದರು. ಅಲ್ಲಿಯ ತನಕ ಆಟಗಾರರು ಆಟ ತಡವರಿಸುತ್ತಿದೆ ಎಂದು ದೂರುತ್ತಿದ್ದರೆ, ವಿಮರ್ಶಕರು ಸರಾಸರಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅವಧಿಯಲ್ಲಿ ಯೋಚಿಸಿದರೆ ಇನ್ನೊಂದು ಸಂಗತಿಯೂ ಬಿಚ್ಚಿಕೊಳ್ಳುತ್ತದೆ. 30ಕ್ಕೂ 60ಕ್ಕೂ ನಟ್ಟನಡುವಿನ ಸಂಖ್ಯೆ 45 ಅಲ್ಲ, 40. ಅದರ ಫ್ರೇಮಿಗೆ 25 ಮಿಲಿಸೆಕೆಂಡು. ಪಿಎಸ್5ರ ‘ರ್‍ಯಾಚೆಟ್ ಅಂಡ್ ಕ್ಲ್ಯಾಂಕ್’ನಂಥ ಆಟಗಳು 120 ಹರ್ಟ್ಸ್ ಟಿವಿಗಳಿಗೆಂದು 40ರ ಆಯ್ಕೆ ಕೊಟ್ಟದ್ದು ಇದೇ ಲೆಕ್ಕದಿಂದ. ಮೇಲಿನ ತುದಿಯಲ್ಲೂ ಹಾಗೆಯೇ: 30ರಿಂದ 60ಕ್ಕೆ ಹೋದರೆ ಉಳಿಯುವುದು 16.7 ಮಿಲಿಸೆಕೆಂಡು, 240ರಿಂದ 360ಕ್ಕೆ ಹೋದರೆ ಒಂದೂವರೆಗೂ ಕಡಿಮೆ. ದುಡ್ಡು ಮಾತ್ರ ಅದಕ್ಕೆ ತಿರುಗುಮುರುಗಾಗಿ ಏರುತ್ತದೆ.

ಜನ ನಿಜವಾಗಿ ಏನು ಆರಿಸಿಕೊಳ್ಳುತ್ತಾರೆ? ಸೋನಿಯ ಮಾರ್ಕ್ ಸರ್ನಿ 2024ರಲ್ಲಿ ಹೇಳಿದಂತೆ, ಅಂದವೋ ವೇಗವೋ ಎಂಬ ಆಯ್ಕೆ ಕೊಟ್ಟಾಗ ಆಟಗಾರರು ಮುಕ್ಕಾಲು ಪಾಲು ವೇಗವನ್ನೇ ಆರಿಸುತ್ತಾರೆ. ನಮ್ಮಲ್ಲಿ ಇದನ್ನು ಹೇಳಲು ಸೋನಿ ಬೇಕಿಲ್ಲ. ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಆಟ ಆಡುವ ಯಾವ ಹುಡುಗನ, ಹುಡುಗಿಯ ಸೆಟ್ಟಿಂಗ್ ಬೇಕಾದರೂ ತೆರೆದು ನೋಡಿ. ಗ್ರಾಫಿಕ್ಸ್ ‘ಸ್ಮೂತ್’, ಅಂದರೆ ತೀರಾ ಕೆಳಗಿನವುಗಳಲ್ಲೊಂದು. ಫ್ರೇಮ್ ರೇಟು ‘ಎಕ್ಸ್‌ಟ್ರೀಮ್’, ಅಂದರೆ 60, ಫೋನು ಒಪ್ಪಿದರೆ ಅದಕ್ಕೂ ಮೇಲಿನದು. ಹುಲ್ಲು ಮರ ನೆರಳು ಎಲ್ಲ ಹೋದರೂ ಚಿಂತೆಯಿಲ್ಲ. ಹತ್ತು ಹದಿನೈದು ಸಾವಿರದ ಫೋನಿನಲ್ಲಿ ಇವರು ಈ ಸಂಕಿರಣದ ಪ್ರಶ್ನೆಯನ್ನು ತಮ್ಮ ಮಟ್ಟಿಗೆ ಬಗೆಹರಿಸಿಕೊಂಡಿದ್ದಾರೆ.

ಸಂಶೋಧಕರಲ್ಲಿ ನನ್ನ ಬೇಡಿಕೆ ಇಲ್ಲಿಂದಲೇ ಹುಟ್ಟುತ್ತದೆ. ಫೋನು ಬಿಸಿಯಾದರೆ ಚಿಪ್ಪು ತನ್ನ ವೇಗ ಇಳಿಸಿಕೊಳ್ಳುತ್ತದೆ, ಫ್ರೇಮು ಕುಸಿಯುತ್ತದೆ. ಏಸಿ ಕೋಣೆಯಲ್ಲಿ, ದುಬಾರಿ ಮಾನಿಟರಿನ ಮುಂದೆ ನಡೆಸಿದ ಪ್ರಯೋಗದ ಫಲಿತಾಂಶ ಏಪ್ರಿಲ್ ಮಧ್ಯಾಹ್ನದ ಕಲಬುರಗಿಗೆ ಅನ್ವಯಿಸುವುದಿಲ್ಲ. ಅಲ್ಲಿ ಅಳೆಯಿರಿ. ಅಳೆಯುವಾಗ ಸರಾಸರಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಫ್ರೇಮಿನ ಅವಧಿಗಳನ್ನು ಕೊಡಿ, ಗುಂಡಿಯಿಂದ ಪರದೆಗೆ ಹಿಡಿದ ಹೊತ್ತನ್ನೂ ಕೊಡಿ.

ಈ ಕೊನೆಯದು ಈಗ ತುರ್ತಾಗಿದೆ. 2022ರಲ್ಲಿ ಎನ್ವಿಡಿಯಾ ತಂದ ಡಿಎಲ್‌ಎಸ್‌ಎಸ್ 3 ಎಂಬ ತಂತ್ರಜ್ಞಾನ ಎರಡು ನಿಜ ಫ್ರೇಮುಗಳ ನಡುವೆ ಊಹಿಸಿದ ಒಂದನ್ನು ತೂರಿಸುತ್ತದೆ. 2025ರ ಹೊತ್ತಿಗೆ ಒಂದು ನಿಜಕ್ಕೆ ಮೂರು ಊಹೆಗಳ ತನಕ ಬಂತು. ನಡುವಿನದನ್ನು ಊಹಿಸಬೇಕಾದರೆ ಮುಂದಿನ ನಿಜ ಫ್ರೇಮು ಸಿದ್ಧವಿರಬೇಕು, ಅದನ್ನು ತಡೆದು ಹಿಡಿಯಬೇಕು. ಪರದೆಯ ಮೂಲೆಯಲ್ಲಿ 120 ಎಂದು ತೋರಿಸುವ ಆಟ ಕೈಗೆ 60ರಷ್ಟೋ ಅದಕ್ಕಿಂತ ತುಸು ಮಂದವಾಗಿಯೋ ಸಿಗುತ್ತದೆ. ಕಣ್ಣಿನ ಫ್ರೇಮೂ ಕೈಯ ಫ್ರೇಮೂ ಮೊದಲ ಬಾರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರೆಬೇರೆಯಾಗಿ ಮಾರಾಟಕ್ಕಿವೆ. ಸಂಶೋಧಕರಿಗೆ ಇಂಥ ಅವಕಾಶ ಮತ್ತೆ ಸಿಗಲಿಕ್ಕಿಲ್ಲ. ಕಣ್ಣು ಮತ್ತು ಕೈಯ ಲಾಭಗಳನ್ನು ಬಿಡಿಸಿ ಅಳೆಯಲು ಬೇಕಾದ ಉಪಕರಣ ಈಗ ಒಂದು ಹೊಸ ಗೇಮಿಂಗ್ ಲ್ಯಾಪ್‌ಟಾಪಿನೊಳಗಿದೆ.

ಚಹಾ ವಿರಾಮದಲ್ಲಿ ಹೊರಗಿನ ಮೇಜಿನ ಮೇಲೆ ಎರಡು ಮಾನಿಟರ್ ಇರುತ್ತವೆ, ಅಂಕಿಗಳನ್ನು ಕಾಗದದಿಂದ ಮುಚ್ಚಲಾಗಿದೆ. ಮೊದಲು ಸುಮ್ಮನೆ ನೋಡಿ, ನಿಮ್ಮ ಊಹೆಯನ್ನು ಚೀಟಿಯಲ್ಲಿ ಬರೆಯಿರಿ. ಆಮೇಲೆ ಮೌಸು ಕೈಗೆ ತೆಗೆದುಕೊಂಡು ಆಡಿ, ಇನ್ನೊಂದು ಚೀಟಿ ಬರೆಯಿರಿ. ಎರಡನ್ನೂ ಮೊದಲ ಗೋಷ್ಠಿಯ ಅಧ್ಯಕ್ಷರಿಗೆ ಕೊಡಿ, ಚರ್ಚೆ ಅಲ್ಲಿಂದ ಶುರುವಾಗಲಿ.