ಅರಿವಿಗೊಂದು ಸೂರು

(ವನಗೂರಿನ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ನೀವು ಕಾಫಿ ಬೆಳೆಯುವ ನಾಡಿನವರು. ಗಿಡದ ಮರ್ಮವನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಬೀಜವನ್ನು ಬಿಸಿಲ ಬಯಲಿಗೆ ಎರಚಿದರೆ ತೋಟವಾಗುವುದೇ? ಮೊದಲು ಮಡಿ ಮಾಡಬೇಕು, ಮೇಲೆ ಚಪ್ಪರ ಹಾಕಬೇಕು. ಸಸಿ ಬೇರು ಹಿಡಿದ ಮೇಲೆ ಮಳೆ ನೋಡಿ ನೆಡಬೇಕು. ನೆಟ್ಟ ಮೇಲೂ ಹಾಲುವಾಣದ ನೆರಳು ಬೇಕೇ ಬೇಕು. ಒಂದು ಗಿಡಕ್ಕೆ ಇಷ್ಟು ಆರೈಕೆ ಮಾಡುವ ನಾವು, ಓದಲೆಂದು ಪೇಟೆಗೆ ಹೋಗುವ ನಮ್ಮ ಹಳ್ಳಿಯ ಮಗುವಿಗೆ ಯಾವ ನೆರಳನ್ನು ಒದಗಿಸಿದ್ದೇವೆ? ಇಂದು ಇದೊಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ವನಗೂರು, ಹೆತ್ತೂರು, ಬಿಸಿಲೆ ಈ ಭಾಗದ ಮಕ್ಕಳು ಹೆಚ್ಚಿನ ವಿದ್ಯೆಗೆ ಸಕಲೇಶಪುರಕ್ಕೋ ಹಾಸನಕ್ಕೋ ಹೋಗಬೇಕು. ಅಲ್ಲಿ ಕಾಲೇಜಿನ ಬಾಗಿಲು ತೆರೆದೇ ಇದೆ. ಆದರೆ ಆಷಾಢದ ಮಳೆಯಲ್ಲಿ ನಿತ್ಯ ಹೋಗಿ ಬರುವುದು ಹೇಗೆ? ಬಸ್ಸು ತಪ್ಪಿದರೆ ಕತ್ತಲು, ಕತ್ತಲಾದರೆ ಆನೆಯ ಭಯ. “ಪೇಟೆಯಲ್ಲಿ ಉಳಿಯೋದಕ್ಕೆ ಜಾಗ ಸಿಗಲಿಲ್ಲ ಬುದ್ಧಿ, ಮಗಳನ್ನು ಕಾಲೇಜು ಬಿಡಿಸಿಬಿಟ್ಟೆವು” ಎಂದು ತಾಯಂದಿರು ಬಂದು ಹೇಳಿಕೊಳ್ಳುತ್ತಾರೆ. ಆ ಮಗಳಿಗೆ ಬುದ್ಧಿಯ ಕೊರತೆಯಿರಲಿಲ್ಲ, ಶಾಲೆಯ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ಒಂದು ಸೂರಿನದು.

ಮನೆ ಬೇರೆ, ಶಾಲೆ ಬೇರೆ ಎಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ತೋಟದ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯಿದೆಯಲ್ಲಿಯೇ ಲೈನಿನ ಮನೆಯ ಮಾತೂ ಮಕ್ಕಳ ಶಾಲೆಯ ಮಾತೂ ಒಟ್ಟಿಗೆ ಬಂದವು. ಅದಕ್ಕೂ ಎಂಟು ಶತಮಾನಗಳ ಹಿಂದೆ ಕಲ್ಯಾಣ ಪಟ್ಟಣದಲ್ಲಿ ನಡೆದದ್ದೇನು? ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದರೆಂದು ಪರಂಪರೆ ಹೇಳುತ್ತದೆ. ದೂರದೂರದಿಂದ ಬಂದವರಿಗೆ ಮಹಾಮನೆಯಲ್ಲಿ ದಾಸೋಹ, ಅನುಭವ ಮಂಟಪದಲ್ಲಿ ಅರಿವು. ಇಳಿದುಕೊಳ್ಳಲು ನೆಲೆಯೇ ಇಲ್ಲದಿದ್ದರೆ ಅವರು ಮಂಟಪದವರೆಗೆ ಬರುತ್ತಿದ್ದರೇ?

ನಮ್ಮ ಕಾಲದ ಪೂಜ್ಯರೂ ಇದನ್ನೇ ಕಂಡುಕೊಂಡರು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಗಳಿಗೆ ಪ್ರಸಾದನಿಲಯವನ್ನು ತೆರೆದರು. ಅವರ ವಿದ್ಯಾಪೀಠ ಸ್ಥಾಪನೆಯಾದದ್ದು 1954ರಲ್ಲಿ. ನೋಡಿ, ಅನ್ನ ಮತ್ತು ಆಶ್ರಯ ಮೊದಲು. ವಿದ್ಯಾಪೀಠ ಹದಿಮೂರು ವರ್ಷಗಳ ನಂತರ! ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿಮತಗಳ ಎಣಿಕೆಯಿಲ್ಲದೆ ಊಟ, ವಸತಿ, ವಿದ್ಯೆ ಮೂರನ್ನೂ ಒಂದೇ ಅಂಗಳದಲ್ಲಿ ನೀಡಿದರು. ಇದು ತ್ರಿವಿಧ ದಾಸೋಹ.

ಆದರೆ ಇದು ಮಠಗಳ ಕೆಲಸ ಮಾತ್ರವೆಂದು ನೀವು ಸುಮ್ಮನಿರಬಾರದು. ಊರು ಬೆಳೆಸುವುದಕ್ಕೆ ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿದೆ. ಅದರಂತೆ ವಾಸಕ್ಕೆ ಇಷ್ಟು, ವ್ಯಾಪಾರಕ್ಕೆ ಇಷ್ಟು, ರಸ್ತೆಗೆ, ಉದ್ಯಾನಕ್ಕೆ, ಸಾರ್ವಜನಿಕ ಉಪಯೋಗಕ್ಕೆ ಇಷ್ಟು ಎಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಜನರ ಆಕ್ಷೇಪಣೆ, ಸಲಹೆಗಳನ್ನೂ ಕೇಳುತ್ತಾರೆ. ಆಗ ನಾವೇನು ಹೇಳುತ್ತೇವೆ? ರಸ್ತೆ ನಮ್ಮ ಸೈಟಿನ ಮುಂದೆ ಬರಲಿ, ಚರಂಡಿ ಪಕ್ಕದವನ ಕಡೆಗೆ ಹೋಗಲಿ ಎನ್ನುತ್ತೇವೆ! ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ವಸತಿಗೆ, ಕಾಲೇಜಿನ ಸಮೀಪ, ಒಂದು ನಿವೇಶನ ಮೀಸಲಿಡಿ ಎಂದು ಅರ್ಜಿ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಸರ್ಕಾರದ ಹಾಸ್ಟೆಲುಗಳಿವೆ, ನಿಜ. ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ಜಾಗ ದೊರೆಯುವುದಿಲ್ಲ.

ಇನ್ನೊಂದು ಮಾತು. ಇದು ಸ್ವಲ್ಪ ಕಹಿಯಾದೀತು. ಆದರೂ ಹೇಳದೆ ಬಿಡುವಂತಿಲ್ಲ. ನಿಮ್ಮಲ್ಲಿ ಹಲವರಿಗೆ ಪೇಟೆಯಲ್ಲಿ ಮನೆಗಳಿವೆ. ‘ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕಿರುತ್ತೀರಿ. ಓದುವ ಹುಡುಗ ಬಂದು ಕೇಳಿದರೆ, ಏನು ಓದುತ್ತೀಯಪ್ಪ ಎಂದು ಕೇಳುವುದಕ್ಕಿಂತ ಮುಂಚೆ, “ಯಾವ ಜನ?” ಎಂದು ಕೇಳುತ್ತೀರಿ. ಆತ ಹೇಳಿದೊಡನೆ ಮನೆ ಬೇರೆಯವರಿಗೆ ಕೊಟ್ಟಾಯಿತು ಎನ್ನುತ್ತೀರಿ. ಹರಳಯ್ಯ ಮಧುವರಸರು ಬೀಗರಾದದ್ದಕ್ಕೆ ಪ್ರಾಣವನ್ನೇ ತೆತ್ತರು. ಅವರ ಹೆಸರು ಹೇಳಿಕೊಳ್ಳುವ ನಾವು ಒಂದು ಕೋಣೆಯ ಬೀಗ ತೆಗೆಯಲಾರೆವೇ? ಎದೆಯ ಮೇಲೆ ಇಷ್ಟಲಿಂಗವಿದ್ದು ಬಾಯಲ್ಲಿ ಜಾತಿಯ ಪ್ರಶ್ನೆ ಬಂದರೆ ಆ ಪೂಜೆ ಯಾರಿಗೆ ಸಲ್ಲುತ್ತದೆ?

ಆದಕಾರಣ ನಾವು ಕೇಳುವ ಕಾಣಿಕೆ ಎರಡೇ. ಪೇಟೆಯಲ್ಲಿ ಮನೆಯಿರುವವರು ಒಂದು ಕೋಣೆಯನ್ನು, ಜಾತಿ ಕೇಳದೆ, ಮಿತವಾದ ಬಾಡಿಗೆಗೆ, ಓದುವ ಮಗುವಿಗೆ ಕೊಡಿರಿ. ಮನೆಯಿಲ್ಲದವರು ನಾಲ್ಕು ಜನ ಕೂಡಿ, ಹೊಸ ಬಡಾವಣೆಯ ನಕ್ಷೆ ಬಂದಾಗ ವಿದ್ಯಾರ್ಥಿನಿಲಯಕ್ಕೆ ಜಾಗ ಬೇಕೆಂದು ಬರೆದುಕೊಡಿರಿ. ಮಠಕ್ಕೆ ಬೆಳ್ಳಿಯ ಪಾದುಕೆ ತರಬೇಡಿರಿ. ಓದು ಬಿಟ್ಟ ಒಬ್ಬ ಮಗಳು ಮರಳಿ ಕಾಲೇಜಿಗೆ ಹೋದಳೆಂಬ ಸುದ್ದಿ ತನ್ನಿರಿ. ನಮಗೆ ಅದೇ ಪಾದಪೂಜೆ.

ಬಸವಾದಿ ಪ್ರಮಥರು ನಿಮಗೆಲ್ಲ ಸನ್ಮಂಗಳವನ್ನುಂಟುಮಾಡಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.