ವೃದ್ಧರ ಔಷಧಗಳೂ ಫಾರ್ಮಸಿಸ್ಟರ ಎಚ್ಚರಿಕೆಯೂ

(ಧರ್ಮಕೇಂದ್ರದ ಹಿರಿಯರ ಕೂಟದಲ್ಲಿ ವಿಚಾರಣೆ ಗುರುಗಳು ಮಾಡಿದ ಭಾಷಣ)



ರೋಗಿಗಳಿಗೆ ಪರಮಪ್ರಸಾದ ನೀಡಲು ನಿಮ್ಮ ಮನೆಗಳಿಗೆ ಬಂದಾಗಲೆಲ್ಲ ಹಾಸಿಗೆಯ ಪಕ್ಕದಲ್ಲಿ ಮಾತ್ರೆಗಳ ಡಬ್ಬವನ್ನು ಕಾಣುತ್ತೇನೆ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು ಬರೆದುಕೊಟ್ಟ ಔಷಧಗಳು ಅದರಲ್ಲಿರುತ್ತವೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದುದನ್ನೇ ಬರೆದಿರಬಹುದು. ಆದರೆ ಅವೆಲ್ಲವೂ ಒಂದೇ ದೇಹವನ್ನು ಸೇರಿದಾಗ ಒಂದಕ್ಕೊಂದು ಏನು ಮಾಡುತ್ತವೆಂದು ನೋಡುವವರಾರು?

ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ 66 ವರ್ಷ ಹಾಗೂ ಅದಕ್ಕೂ ಮೇಲ್ಪಟ್ಟವರ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2003ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್ ಸೇವಿಸುತ್ತಿದ್ದು, ರಕ್ತದ ಸಕ್ಕರೆ ಅತಿಯಾಗಿ ಇಳಿದು ಆಸ್ಪತ್ರೆ ಸೇರಿದವರನ್ನು ಹಾಗೆ ಸೇರದವರೊಡನೆ ಹೋಲಿಸಿದರು. ಹಿಂದಿನ ವಾರದಲ್ಲಿ ಸೋಂಕಿಗಾಗಿ ಕೋಟ್ರೈಮೊಕ್ಸಜೋಲ್ ಪಡೆದಿದ್ದ ಸಂಭವ ಮೊದಲನೆಯವರಲ್ಲಿ 6 ಪಟ್ಟಿಗೂ ಹೆಚ್ಚಾಗಿತ್ತು. ಹೃದಯದ ಔಷಧವಾದ ಡಿಗಾಕ್ಸಿನ್ ವಿಷವಾಗಿ ಪರಿಣಮಿಸಿದವರಲ್ಲಿ ಕ್ಲಾರಿಥ್ರೋಮೈಸಿನ್ ಪಡೆದಿದ್ದ ಸಂಭವ ಸುಮಾರು 12 ಪಟ್ಟು. ಎರಡೂ ಜೋಡಿಗಳ ಅಪಾಯ ಮೊದಲೇ ತಿಳಿದಿದ್ದುದು. ದುಃಖದ ಸಂಗತಿ ಅದೇ. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಂದಿ, ಔಷಧವು ದೇಹದಲ್ಲಿ ಹೆಚ್ಚು ಕಾಲ ಉಳಿಯುವುದರಿಂದ ವೃದ್ಧರಿಗೆ ಪೆಟ್ಟು ಜೋರು.

ಇಂತಹ ಜೋಡಿಗಳನ್ನು ಗುರುತಿಸುವ ವಿದ್ಯೆಯನ್ನು ಫಾರ್ಮಸಿಸ್ಟರು ಕಲಿತಿರುತ್ತಾರೆ. ಔಷಧಗಳ ಪರಸ್ಪರ ಪರಿಣಾಮವನ್ನು ರೋಗಿಗೆ ತಿಳಿಸುವುದು ಅವರ ಕರ್ತವ್ಯವೆಂದು ನಮ್ಮ ದೇಶದ 2015ರ ನಿಯಮಗಳೂ ಹೇಳುತ್ತವೆ. ಆದರೆ ನಾವು ಮಾಡುವುದೇನು? ಮೊಮ್ಮಗನ ಕೈಗೆ ಖಾಲಿ ಪಟ್ಟಿಯ ತುಂಡೊಂದನ್ನು ಕೊಟ್ಟು, "ಅಜ್ಜನ ಕಾಲುನೋವಿಗೆ ಇದೇ ಮಾತ್ರೆ ತಾ" ಎಂದು ಅಟ್ಟುತ್ತೇವೆ. ಅಜ್ಜ ರಕ್ತ ತೆಳುವಾಗಲು ವಾರ್ಫರಿನ್ ನುಂಗುತ್ತಿರುವುದು ಆ ಹುಡುಗನಿಗೇನು ಗೊತ್ತು? ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡಿಕ್ಲೋಫೆನಾಕ್ ಅದರೊಡನೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಕಪ್ಪು ಮಲ ಕಂಡರೂ ಹಲವರು ಸಂಕೋಚದಿಂದ ಬಾಯಿಬಿಡುವುದಿಲ್ಲ. ಕೆಲವು ರೂಪಾಯಿ ಉಳಿಸಲು ಮೂರು ಅಂಗಡಿ ಸುತ್ತುವವರೂ ನಮ್ಮಲ್ಲಿದ್ದಾರೆ. ಆಗ ಯಾವ ಅಂಗಡಿಯವರಿಗೂ ಪೂರ್ತಿ ವಿಷಯ ತಿಳಿಯದು.

ಆದಕಾರಣ ಸಾಧ್ಯವಾದಷ್ಟು ಒಂದೇ ಅಂಗಡಿಗೆ ಹೋಗಿರಿ. ಚೀಟಿಗಳನ್ನೂ ಡಬ್ಬವನ್ನೂ ಒಟ್ಟಾಗಿ ಒಯ್ದು ಫಾರ್ಮಸಿಸ್ಟರಿಗೆ ತೋರಿಸಿರಿ. ಕಷಾಯ, ನಾಟಿ ಔಷಧಗಳನ್ನು ಮುಚ್ಚಿಡಬೇಡಿರಿ. ಅವರು ಸಂದೇಹಪಟ್ಟು ತಡೆದರೆ ಕೋಪಗೊಳ್ಳದೆ, ಬರೆದುಕೊಟ್ಟ ವೈದ್ಯರನ್ನು ಅಂದೇ ವಿಚಾರಿಸಿರಿ. ಅವರನ್ನು ಕೇಳದೆ ದಿನನಿತ್ಯದ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿರಿ.